ಜಾತಕ ಹೇಳುವ ಸ್ವಭಾವ ಯಾರದ್ದು?

ಪಾಶ್ಚಾತ್ಯ ಜ್ಯೋತಿಷದ ಹನ್ನೆರಡು ರಾಶಿಗಳು ಚೀನೀ ಭಾಷೆಗೆ ದಾಟಿದಾಗ ಕನ್ಯಾ ರಾಶಿಗೆ ಅಲ್ಲಿ ಸಿಕ್ಕ ಹೆಸರಿನಲ್ಲಿ ‘ಪುರುಷ ಸಂಗವರಿಯದವಳು’ ಎಂಬ ಅರ್ಥವೇ ಎದ್ದು ಕೇಳಿಸುತ್ತದೆ. ಹೆಸರಿನ ಬೆನ್ನಿಗೇ ಒಂದು ಸ್ವಭಾವವೂ ಅಂಟಿಕೊಂಡಿತು. ಆಗಸ್ಟ್ ಕೊನೆಯ ವಾರದಿಂದ ಸೆಪ್ಟೆಂಬರ್ ಮೂರನೇ ವಾರದವರೆಗೆ ಹುಟ್ಟಿದವರು ಅತಿ ಚೊಕ್ಕಟದ ಗೀಳಿನವರು, ಎಲ್ಲದರಲ್ಲೂ ಕೊಂಕು ತೆಗೆಯುವವರು, ಅವರೊಂದಿಗೆ ಏಗುವುದು ಕಷ್ಟ ಎಂಬ ನಂಬಿಕೆ ಅಲ್ಲಿ ಬೇರೂರಿದೆ. ಸಂಗಾತಿಯನ್ನು ಹುಡುಕುವಾಗ, ಕೆಲಸಕ್ಕೆ ಆರಿಸುವಾಗ ಅವರನ್ನು ಬದಿಗೆ ಸರಿಸುವುದೂ ಉಂಟು. ಜಾಕ್ಸನ್ ಲು ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಅಂಕಿಸಂಖ್ಯೆಗಳ ಎದುರು ನಿಲ್ಲಿಸಿ ನೋಡಿತು. 1,73,709 ಚೀನೀಯರ ವ್ಯಕ್ತಿತ್ವ ಪರೀಕ್ಷೆಯ ಉತ್ತರಗಳಲ್ಲಿ ರಾಶಿಗೂ ಸ್ವಭಾವಕ್ಕೂ ನಂಟು ಕಾಣಲಿಲ್ಲ. 32,878 ನೌಕರರ ಕೆಲಸದ ಗುಣಮಟ್ಟ ನೋಡಿದರೆ ಅಲ್ಲೂ ಇಲ್ಲ. ಪಶ್ಚಿಮದಲ್ಲಿ ಅದೇ ರಾಶಿಯವರ ಮೇಲೆ ಇಂಥ ಕೆಟ್ಟ ಹೆಸರಿಲ್ಲ. ಒಂದು ಪದದ ಅನುವಾದ ಲಕ್ಷಾಂತರ ಜನರ ತಲೆಗೆ ಇಲ್ಲದ ಸ್ವಭಾವವೊಂದನ್ನು ಕಟ್ಟಿತು, ಅದರ ನಷ್ಟ ಮಾತ್ರ ನಿಜವಾಗಿ ಉಣ್ಣಬೇಕಾಯಿತು.

ಇದು ನನ್ನನ್ನು ಬಹಳ ದಿನ ಕಾಡಿದ ಸಂಗತಿ. ಯಾಕೆಂದರೆ ಚೀನಾದಲ್ಲಿ ಕಣ್ಣೆದುರೇ ನಡೆದದ್ದು ಉಳಿದ ಹನ್ನೊಂದು ರಾಶಿಗಳಿಗೂ ಎಂದೋ ನಡೆದಿರಬೇಕು ಅನ್ನಿಸುತ್ತದೆ. ಸಿಂಹ ರಾಶಿಯವರಿಗೆ ಸಿಂಹದ ಗತ್ತು, ವೃಷಭದವರಿಗೆ ಎತ್ತಿನ ಹಟ ಮತ್ತು ತಾಳ್ಮೆ, ತುಲಾದವರಿಗೆ ತಕ್ಕಡಿಯ ಸಮತೂಕ, ವೃಶ್ಚಿಕದವರಿಗೆ ಚೇಳಿನ ಕುಟುಕು. ಆಕಾಶದ ಕೆಲವು ಚುಕ್ಕಿಗಳನ್ನು ಗೆರೆಯಿಂದ ಸೇರಿಸಿ ಮನುಷ್ಯ ಒಂದು ಪ್ರಾಣಿಯ ಹೆಸರಿಟ್ಟ. ಆ ಪ್ರಾಣಿಯ ಗುಣ ರಾಶಿಗೆ ಬಂತು, ರಾಶಿಯ ಗುಣ ಮಗುವಿಗೆ ಬಂತು. ಅದೇ ಚುಕ್ಕಿಗಳಿಗೆ ಮೊಲ ಎಂದು ಹೆಸರಿಟ್ಟಿದ್ದರೆ ಸಿಂಹ ರಾಶಿಯವರು ಅಂಜುಬುರುಕರಾಗುತ್ತಿದ್ದರು.

ಆದರೆ ಇಷ್ಟರಿಂದಲೇ ಜ್ಯೋತಿಷ ಸುಳ್ಳು ಎಂದುಬಿಡುವುದು ಸರಿಯಲ್ಲ. ಒಂದು ಮಾತು ಎಲ್ಲಿಂದ ಹುಟ್ಟಿತು ಎನ್ನುವುದು ಅದು ನಿಜವೋ ಅಲ್ಲವೋ ಎನ್ನುವುದನ್ನು ತೀರ್ಮಾನಿಸುವುದಿಲ್ಲ. ಗ್ರಹಗಳು ಅಷ್ಟು ದೂರದಿಂದ ಹೇಗೆ ಪ್ರಭಾವ ಬೀರಬಲ್ಲವು ಎಂಬ ಪ್ರಶ್ನೆಯೂ ಹಾಗೆಯೇ. 1975ರಲ್ಲಿ 186 ವಿಜ್ಞಾನಿಗಳು ಜ್ಯೋತಿಷದ ವಿರುದ್ಧ ಒಂದು ಹೇಳಿಕೆಗೆ ಸಹಿ ಹಾಕಿದರು. ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಸಹಿ ಹಾಕಲಿಲ್ಲ. ಅವರಿಗೆ ಜ್ಯೋತಿಷದಲ್ಲಿ ನಂಬಿಕೆಯಿತ್ತೆಂದಲ್ಲ. ಹೇಳಿಕೆಯ ಧ್ವನಿ ಅಧಿಕಾರದ್ದಾಗಿದೆ, ಪ್ರಭಾವ ಬೀರುವ ಬಗೆ ತಿಳಿದಿಲ್ಲ ಎನ್ನುವುದು ತಳ್ಳಿಹಾಕಲು ಸಾಕಾದ ಕಾರಣವಲ್ಲ ಎಂಬುದು ಅವರ ನಿಲುವು. ಭೂಖಂಡಗಳು ಸರಿಯುತ್ತವೆ ಎಂದಾಗಲೂ ಹೇಗೆ ಎಂಬುದು ಯಾರಿಗೂ ಗೊತ್ತಿರಲಿಲ್ಲ, ಆದರೂ ಅವು ಸರಿಯುತ್ತಲೇ ಇದ್ದವು. ಸೇಗನ್ ಅವರ ನಿಲುವೇ ಸರಿ. ಕೇಳಬೇಕಾದದ್ದು ಹೇಗೆ ಎಂದಲ್ಲ, ಹೌದೇ ಎಂದು. ಹುಟ್ಟಿದ ಹೊತ್ತನ್ನು ನೋಡಿ ಒಬ್ಬರ ಸ್ವಭಾವ ಹೇಳಲು ಆಗುತ್ತದೆಯೇ? ಆಗುತ್ತದೆ ಎಂದಾದರೆ ಅದನ್ನು ಪರೀಕ್ಷಿಸಲು ಗ್ರಹಗಳ ಬಲವನ್ನು ಅಳೆಯುವ ಯಂತ್ರ ಬೇಡ. ಸ್ವಲ್ಪ ಕಾಗದ, ಕೆಲವು ಲಕೋಟೆಗಳು ಮತ್ತು ಪ್ರಾಮಾಣಿಕತೆ ಸಾಕು.

‘ನನ್ನದು ಸರಿಯಾಗಿಯೇ ಹೇಳಿದ್ದಾರೆ’

ಜಾತಕ ಓದಿಸಿಕೊಂಡವರಲ್ಲಿ ಹೆಚ್ಚಿನವರು ಹೇಳುವ ಮಾತು ಇದು. ಅವರು ಸುಳ್ಳು ಹೇಳುತ್ತಿಲ್ಲ. ಹೊಂದಿದ್ದು ನಿಜವೇ. ಪ್ರಶ್ನೆ ಬೇರೆ: ಇನ್ನೊಬ್ಬರ ಜಾತಕದ ಫಲವನ್ನು ನಿಮ್ಮದೆಂದು ಕೊಟ್ಟಿದ್ದರೆ ಅದು ಹೊಂದುತ್ತಿರಲಿಲ್ಲವೇ?

ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 1948ರಲ್ಲಿ ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟರು. ಆಮೇಲೆ ಪ್ರತಿಯೊಬ್ಬರಿಗೂ ‘ನಿನ್ನ ಸ್ವಭಾವದ ವಿವರಣೆ’ ಎಂದು ಒಂದೊಂದು ಹಾಳೆ ಹಂಚಿದರು. ಎಷ್ಟು ಸರಿಯಾಗಿದೆ, ಸೊನ್ನೆಯಿಂದ ಐದರೊಳಗೆ ಅಂಕ ಕೊಡಿ ಎಂದರು. ಸರಾಸರಿ 4.26 ಬಂತು. ಆಮೇಲೆ ತಿಳಿದದ್ದು, ಎಲ್ಲರ ಕೈಯಲ್ಲಿದ್ದದ್ದೂ ಒಂದೇ ಬರಹ. ಅದರ ಸಾಲುಗಳನ್ನು ಫೋರರ್ ಹೆಚ್ಚಾಗಿ ಎತ್ತಿಕೊಂಡದ್ದು ಅಂಗಡಿಯಲ್ಲಿ ಸಿಗುವ ಜ್ಯೋತಿಷದ ಪುಸ್ತಕವೊಂದರಿಂದ. ಹೊರಗೆ ಗಟ್ಟಿಯಾಗಿ ಕಂಡರೂ ಒಳಗೊಳಗೆ ಅಳುಕುತ್ತೀರಿ, ಕೆಲವೊಮ್ಮೆ ಎಲ್ಲರೊಂದಿಗೆ ಬೆರೆಯುತ್ತೀರಿ, ಕೆಲವೊಮ್ಮೆ ನಿಮ್ಮಷ್ಟಕ್ಕೆ ಇರುತ್ತೀರಿ ಎಂಬಂಥ ಮಾತುಗಳು ಯಾರಿಗೆ ಹೊಂದುವುದಿಲ್ಲ?

ಸಿ. ಆರ್. ಸ್ನೈಡರ್ 1974ರಲ್ಲಿ ಪ್ರಕಟಿಸಿದ ಪ್ರಯೋಗ ಅಷ್ಟು ಪ್ರಸಿದ್ಧವಲ್ಲದಿದ್ದರೂ ನನಗೆ ಅದು ಹೆಚ್ಚು ಮುಖ್ಯ ಅನ್ನಿಸುತ್ತದೆ. ಅಲ್ಲೂ ಎಲ್ಲರಿಗೂ ಒಂದೇ ಬರಹ. ಆದರೆ ಕೆಲವರಿಗೆ ‘ಇದು ಸಾಮಾನ್ಯವಾಗಿ ಎಲ್ಲರಿಗೂ ಹೊಂದುವ ವಿವರಣೆ’ ಎಂದರು. ಕೆಲವರಿಗೆ ಹುಟ್ಟಿದ ವರ್ಷ, ತಿಂಗಳು ನೋಡಿ ಬರೆದದ್ದು ಎಂದರು. ಇನ್ನು ಕೆಲವರಿಗೆ ವರ್ಷ, ತಿಂಗಳು, ದಿನ ಮೂರನ್ನೂ ನೋಡಿ ಬರೆದದ್ದು ಎಂದರು. ಕೇಳಿ ಪಡೆದ ವಿವರ ಹೆಚ್ಚಿದಷ್ಟೂ ‘ನನಗೇ ಬರೆದಂತಿದೆ’ ಎಂಬ ಭಾವ ಹೆಚ್ಚಿತು. ಅಕ್ಷರ ಒಂದೂ ಬದಲಾಗಿರಲಿಲ್ಲ. ಹುಟ್ಟಿದ ಗಂಟೆ, ನಿಮಿಷ, ಊರಿನ ಅಕ್ಷಾಂಶ ರೇಖಾಂಶ ಎಲ್ಲವನ್ನೂ ಕೇಳಿ, ಲೆಕ್ಕ ಹಾಕಿ, ಕುಂಡಲಿ ಬರೆದು ಮುಂದಿಟ್ಟಾಗ ಕೇಳುವವರ ಮನಸ್ಸು ಎಷ್ಟು ಹದವಾಗಿರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಫ್ರಾನ್ಸಿನ ಮಿಶೆಲ್ ಗೋಕ್ಲಾಂ ಇದನ್ನು ಮೈ ಜುಮ್ಮೆನ್ನುವ ಬಗೆಯಲ್ಲಿ ತೋರಿಸಿದರು. ಉಚಿತವಾಗಿ ಜಾತಕ ಬರೆದುಕೊಡುವುದಾಗಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಉತ್ತರಿಸಿದವರಿಗೆಲ್ಲ ಒಂದೇ ಜಾತಕದ ಫಲ ಕಳಿಸಿದರು. ಮೊದಲು ಬಂದ 150 ಉತ್ತರಗಳಲ್ಲಿ ನೂರಕ್ಕೆ 94 ಮಂದಿ ಅದರಲ್ಲಿ ತಮ್ಮನ್ನು ಗುರುತಿಸಿಕೊಂಡಿದ್ದರು. ಆ ಜಾತಕ ಮಾರ್ಸೆಲ್ ಪೆತಿಯೊ ಎಂಬ ವೈದ್ಯನದು. ಎರಡನೇ ಮಹಾಯುದ್ಧದ ಕಾಲದಲ್ಲಿ ಪಾರು ಮಾಡುತ್ತೇನೆಂದು ನಂಬಿಸಿ ಜನರನ್ನು ಕೊಂದು, 26 ಕೊಲೆಗಳಿಗಾಗಿ 1946ರಲ್ಲಿ ಮರಣದಂಡನೆಗೆ ಗುರಿಯಾದವನು.

ಹಾಗಾಗಿ ‘ನನಗೆ ಹೊಂದಿತು’ ಎನ್ನುವ ಅನುಭವ ಎಷ್ಟೇ ಗಾಢವಾಗಿದ್ದರೂ ಅದು ಪುರಾವೆಯಾಗಲಾರದು. ಸರಿಯಾದ ಜಾತಕ ಮತ್ತು ಬೇರೆಯವರ ಜಾತಕ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು, ಯಾವುದು ಯಾರದ್ದೆಂದು ತಿಳಿಯದ ಹಾಗೆ ಮಾಡಿ, ಆಗ ಗುರುತಿಸಲು ಆಗುತ್ತದೆಯೇ ಎಂದು ನೋಡಬೇಕು. ಮುಂದೆ ಹೇಳುವ ಪರೀಕ್ಷೆಗಳಲ್ಲಿ ಹೆಚ್ಚಿನವುಗಳ ತಿರುಳು ಇದೇ.

ಜಾತಕಕ್ಕೆ ಮನುಷ್ಯನನ್ನು ಹೊಂದಿಸುವುದು

ಶಾನ್ ಕಾರ್ಲ್‌ಸನ್ ಎಂಬ ಭೌತವಿಜ್ಞಾನದ ವಿದ್ಯಾರ್ಥಿ ಅಮೆರಿಕದಲ್ಲಿ ನಡೆಸಿದ ಪರೀಕ್ಷೆ 1985ರ ಡಿಸೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಜ್ಯೋತಿಷಿಗಳನ್ನು ದೂರವಿಟ್ಟು ಮಾಡಿದ್ದಲ್ಲ ಅದು. ಭಾಗವಹಿಸಿದ 28 ಜ್ಯೋತಿಷಿಗಳು ಅವರದೇ ವಲಯದಲ್ಲಿ ಹೆಸರು ಮಾಡಿದವರು, ಪರೀಕ್ಷೆಯ ರೂಪವನ್ನು ಅವರ ಸಂಸ್ಥೆಯೊಂದಿಗೆ ಚರ್ಚಿಸಿಯೇ ಗೊತ್ತು ಮಾಡಲಾಗಿತ್ತು. ಒಂದು ಜಾತಕ ಮತ್ತು ಮೂರು ಜನರ ವ್ಯಕ್ತಿತ್ವ ಪರೀಕ್ಷೆಯ ಫಲಿತಾಂಶ ಅವರ ಮುಂದಿರುತ್ತಿತ್ತು. ಮೂವರಲ್ಲಿ ಜಾತಕ ಯಾರದ್ದು ಎಂದು ಹೇಳಬೇಕು. ಯಾರ ಕೈಯಲ್ಲಿ ಏನಿದೆ ಎಂಬುದು ಜ್ಯೋತಿಷಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಕಣ್ಣು ಮುಚ್ಚಿ ಆರಿಸಿದರೂ ಮೂರರಲ್ಲೊಂದು ಸರಿಯಾಗುತ್ತದೆ. ಎರಡರಲ್ಲೊಂದಾದರೂ ಸರಿ ಹೇಳುತ್ತೇವೆ ಎಂಬುದು ಜ್ಯೋತಿಷಿಗಳ ಭರವಸೆ. ಬಂದದ್ದು ನೂರಕ್ಕೆ 34. ‘ಇದು ಖಂಡಿತ ಇವರದೇ’ ಎಂದು ಗಟ್ಟಿಯಾಗಿ ಹೇಳಿದ ಕಡೆಯೂ ಫಲಿತಾಂಶ ಮೇಲೇರಲಿಲ್ಲ.

ಈ ಪರೀಕ್ಷೆಗೆ ಬಂದ ಒಂದು ಟೀಕೆಯನ್ನು ಮುಚ್ಚಿಡಬಾರದು. ಅದರ ಇನ್ನೊಂದು ಭಾಗದಲ್ಲಿ ಸಾಮಾನ್ಯ ಜನರಿಗೇ ಮೂರು ಬರಹಗಳನ್ನು ಕೊಟ್ಟು ತಮ್ಮದನ್ನು ಆರಿಸಲು ಹೇಳಿದ್ದರು. ಅವರು ತಮ್ಮ ಜಾತಕದ ಫಲವನ್ನು ಗುರುತಿಸಲಿಲ್ಲ, ಸರಿ. ಆದರೆ ತಮ್ಮದೇ ಮನಶ್ಶಾಸ್ತ್ರೀಯ ಪರೀಕ್ಷೆಯ ಫಲಿತಾಂಶವನ್ನೂ ಗುರುತಿಸಲಿಲ್ಲ. ಜನರಿಗೆ ತಮ್ಮನ್ನೇ ಗುರುತಿಸಿಕೊಳ್ಳಲು ಬಾರದೆಂದರೆ ಆ ಭಾಗದಿಂದ ಜ್ಯೋತಿಷದ ಬಗ್ಗೆ ಏನನ್ನೂ ಹೇಳಲು ಬರುವುದಿಲ್ಲ. ಕಾರ್ಲ್‌ಸನ್ ಕೂಡ ಇದನ್ನು ಗಮನಿಸಿದ್ದರು. 2009ರಲ್ಲಿ ಜರ್ಮನಿಯ ಮನಶ್ಶಾಸ್ತ್ರಜ್ಞ ಸುಯಿಟ್‌ಬರ್ಟ್ ಎರ್ಟೆಲ್ ಹಳೆಯ ಅಂಕಿಗಳನ್ನು ಬೇರೆ ರೀತಿಯಲ್ಲಿ ಲೆಕ್ಕ ಹಾಕಿ, ಅವು ಜ್ಯೋತಿಷಿಗಳ ಪರವಾಗಿಯೇ ಇವೆ ಎಂದು ವಾದಿಸಿದರು.

ಇಂಥ ಜಗಳ ಹಳೆಯ ಅಂಕಿಗಳನ್ನು ಮತ್ತೆ ಮತ್ತೆ ಕಡೆಯುವುದರಿಂದ ತೀರುವುದಿಲ್ಲ, ಹೊಸ ಪರೀಕ್ಷೆ ಮಾಡಬೇಕು. ಎರ್ಟೆಲ್ ವಾದಿಸುವುದಕ್ಕೂ ಮೊದಲೇ, 2008ರಲ್ಲಿ, ಅಲಿಸ್ಸಾ ವೈಮನ್ ಮತ್ತು ಸ್ಟುವರ್ಟ್ ವೈಸ್ ಅದನ್ನೇ ಮಾಡಿದ್ದರು. ಈ ಸಲ ವಿವರಣೆಗಳು ಜನರಿಗೆ ಅರ್ಥವಾಗುವಂತೆ ಇದ್ದವು. 52 ವಿದ್ಯಾರ್ಥಿಗಳ ಮುಂದೆ ಎರಡು ಜೊತೆ ಬರಹಗಳು: ಒಂದು ಜೊತೆಯಲ್ಲಿ ಅವರದೇ ವ್ಯಕ್ತಿತ್ವ ಪರೀಕ್ಷೆಯ ವಿವರಣೆ ಮತ್ತು ಒಂದು ಸುಳ್ಳು ವಿವರಣೆ, ಇನ್ನೊಂದರಲ್ಲಿ ಅವರದೇ ಜಾತಕದ ವಿವರಣೆ ಮತ್ತು ಒಂದು ಸುಳ್ಳು ಜಾತಕದ್ದು. ವ್ಯಕ್ತಿತ್ವ ಪರೀಕ್ಷೆಯಲ್ಲಿ ತಮ್ಮದು ಯಾವುದೆಂದು ಅವರು ಆಕಸ್ಮಿಕವೆನ್ನಲಾಗದಷ್ಟು ಚೆನ್ನಾಗಿ ಗುರುತಿಸಿದರು. ಜಾತಕದಲ್ಲಿ ಆಗಲಿಲ್ಲ. ಅಂದರೆ ಸರಿಯಾಗಿ ಬರೆದರೆ ಜನ ತಮ್ಮನ್ನು ಗುರುತಿಸಿಕೊಳ್ಳಬಲ್ಲರು. ಜಾತಕದ ಬರಹದಲ್ಲಿ ಗುರುತಿಸಿಕೊಳ್ಳಲು ಅವರೇ ಇರಲಿಲ್ಲ.

ಭಾರತದಲ್ಲಿ ನಡೆದ ಪರೀಕ್ಷೆ ಸ್ವಭಾವಕ್ಕಿಂತ ಬುದ್ಧಿಶಕ್ತಿಯ ಕುರಿತದ್ದು. ರಾಶಿಗಳನ್ನು ನಕ್ಷತ್ರಗಳಿಗೆ ಕಟ್ಟಿ ಎಣಿಸುವ ನಮ್ಮ ನಿರಯನ ಪದ್ಧತಿಯ ಜ್ಯೋತಿಷಿಗಳ ಮೇಲೆ ನಡೆದದ್ದರಿಂದ ನಮ್ಮ ಓದುಗರಿಗೆ ಅದು ಹತ್ತಿರದ್ದು. ಖಗೋಳ ವಿಜ್ಞಾನಿ ಜಯಂತ ನಾರ್ಲೀಕರ್, ನರೇಂದ್ರ ದಾಭೋಲ್ಕರ್ ಮತ್ತು ಸಂಗಡಿಗರು 2008ರಲ್ಲಿ ಪುಣೆಯಲ್ಲಿ ಇದನ್ನು ಘೋಷಿಸಿದರು, ಫಲಿತಾಂಶ 2009ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಬಂತು. ಓದಿನಲ್ಲಿ ಮುಂದಿರುವ 100 ಮಕ್ಕಳ, ಬುದ್ಧಿಮಾಂದ್ಯರಾದ 100 ಮಕ್ಕಳ ಜನನ ವಿವರ ಸಂಗ್ರಹಿಸಿ ಕುಂಡಲಿ ಹಾಕಲಾಯಿತು. ಪ್ರತಿ ಜ್ಯೋತಿಷಿಗೆ ಅದರಿಂದ 40 ಕುಂಡಲಿಗಳು. ಯಾವುದು ಯಾವ ಗುಂಪಿನದು ಎಂದಷ್ಟೇ ಹೇಳಬೇಕು. ಕೇಳಿ ಪಡೆದವರು 51, ಉತ್ತರ ಕಳಿಸಿದವರು 27. ಸರಾಸರಿ ನೂರಕ್ಕೆ 46 ಸರಿ. ನಾಣ್ಯ ಚಿಮ್ಮಿದ್ದರೆ 50 ಬರುತ್ತಿತ್ತು. ಅತಿ ಹೆಚ್ಚು ಸರಿ ಹೇಳಿದವರಿಗೂ 40ರಲ್ಲಿ 24 ದಾಟಲಿಲ್ಲ. ಜ್ಯೋತಿಷಿಗಳ ಸಂಸ್ಥೆಯೊಂದು 200 ಕುಂಡಲಿಗಳನ್ನೂ ಪಡೆದು ನೋಡಿತು, ಅವರದು 102 ಸರಿ. ಒಂದು ಮಗುವಿನ ಇಡೀ ಬದುಕನ್ನು ಬೇರೆಯಾಗಿಸುವಷ್ಟು ದೊಡ್ಡ ವ್ಯತ್ಯಾಸ ಕುಂಡಲಿಯಲ್ಲಿ ಕಾಣದಿದ್ದರೆ, ‘ಸ್ವಲ್ಪ ಮುಂಗೋಪಿ’, ‘ಹಣದ ವಿಷಯದಲ್ಲಿ ಬಿಗಿ’ ಎಂಬಂಥ ಸಣ್ಣ ವ್ಯತ್ಯಾಸಗಳು ಅದರಲ್ಲಿ ಹೇಗೆ ಕಂಡಾವು?

ಇಬ್ಬರು ಜ್ಯೋತಿಷಿಗಳು, ಒಂದು ಕುಂಡಲಿ

ಮನಶ್ಶಾಸ್ತ್ರದ ಪ್ರಶ್ನಾವಳಿಗಳೇ ಸರಿಯಿಲ್ಲ, ಅವು ಮನುಷ್ಯನ ಮೇಲ್ಪದರವನ್ನಷ್ಟೇ ತೋರಿಸುತ್ತವೆ, ಕುಂಡಲಿ ಆಳವನ್ನು ಹೇಳುತ್ತದೆ ಎಂದು ಜ್ಯೋತಿಷಿಗಳು ವಾದಿಸುವುದುಂಟು. ಬಿಡಿ ಬಿಡಿಯಾಗಿ ರಾಶಿ ನೋಡಬಾರದು. ಲಗ್ನ, ಚಂದ್ರ, ಭಾವ, ದೃಷ್ಟಿ, ಯೋಗ ಎಲ್ಲವನ್ನೂ ಕೂಡಿಸಿ ನೋಡಬೇಕು ಎಂಬುದೂ ಅವರ ಮಾತು. ಒಪ್ಪೋಣ. ಪ್ರಶ್ನಾವಳಿಯನ್ನು ಪಕ್ಕಕ್ಕಿಟ್ಟು, ಇಡೀ ಕುಂಡಲಿಯನ್ನೇ ಅವರ ಕೈಗೆ ಕೊಟ್ಟು, ಒಂದೇ ಒಂದು ಪ್ರಶ್ನೆ ಕೇಳಬಹುದು: ಅದೇ ಕುಂಡಲಿಯನ್ನು ನೋಡಿದ ಇಬ್ಬರು ಜ್ಯೋತಿಷಿಗಳು ಒಂದೇ ಮಾತು ಹೇಳುತ್ತಾರೆಯೇ?

ನನಗೆ ಎಲ್ಲ ಪರೀಕ್ಷೆಗಳಿಗಿಂತ ಈ ಪ್ರಶ್ನೆ ದೊಡ್ಡದು. ಇಲ್ಲಿ ವಿಜ್ಞಾನದ ಯಾವ ಅಳತೆಗೋಲೂ ಬೇಕಿಲ್ಲ. ಜ್ಯೋತಿಷಿಗಳನ್ನು ಜ್ಯೋತಿಷಿಗಳೇ ಅಳೆಯುತ್ತಾರೆ. ಎರಡು ತಕ್ಕಡಿಗಳು ಒಂದೇ ಕಲ್ಲನ್ನು ಬೇರೆ ಬೇರೆ ತೂಗಿದರೆ ಕಲ್ಲಿನ ನಿಜವಾದ ತೂಕ ಎಷ್ಟೆಂದು ತಿಳಿಯದೆಯೂ ಒಂದು ತಕ್ಕಡಿಯಾದರೂ ಕೆಟ್ಟಿದೆ ಎಂದು ಹೇಳಬಹುದು.

ಅಮೆರಿಕದ ಇಂಡಿಯಾನಾದಲ್ಲಿ ಜಾನ್ ಮೆಗ್ರೂ ಮತ್ತು ರಿಚರ್ಡ್ ಮೆಕ್‌ಫಾಲ್ 1990ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಆರು ಜ್ಯೋತಿಷಿಗಳಿದ್ದರು. ವ್ಯಕ್ತಿಗಳಿಗೆ ಏನೇನು ಕೇಳಬೇಕು ಎನ್ನುವುದನ್ನು ರೂಪಿಸುವಲ್ಲಿ ಜ್ಯೋತಿಷಿಗಳೇ ಕೈಜೋಡಿಸಿದ್ದರು. 23 ಜನರನ್ನು 23 ಜಾತಕಗಳಿಗೆ ಹೊಂದಿಸಬೇಕಿತ್ತು. ಹೊಂದಿಸಿದ್ದು ಆಕಸ್ಮಿಕಕ್ಕಿಂತ ಹೆಚ್ಚಿರಲಿಲ್ಲ. ಜೊತೆಗೆ ಆರು ಮಂದಿ ತಮ್ಮತಮ್ಮಲ್ಲೂ ಒಪ್ಪಲಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ರಾಬ್ ನಾನ್ನಿಂಗಾ 1990ರ ದಶಕದಲ್ಲಿ 5,000 ಗಿಲ್ಡರ್ ಬಹುಮಾನವಿಟ್ಟು ಏಳು ಜನರನ್ನು ಏಳು ಜಾತಕಗಳಿಗೆ ಹೊಂದಿಸಲು ಕರೆದಾಗ 44 ಜ್ಯೋತಿಷಿಗಳು ಉತ್ತರಿಸಿದರು. ಸುಮ್ಮನೆ ಊಹಿಸಿದರೆ ಸರಾಸರಿ ಒಂದು ಸರಿಯಾಗುತ್ತದೆ. ಅವರ ಸರಾಸರಿ 0.75. ಮೂರಕ್ಕಿಂತ ಹೆಚ್ಚು ಯಾರೂ ಸರಿ ಹೇಳಲಿಲ್ಲ. ಅಲ್ಲಿಯೂ ಒಬ್ಬರ ಉತ್ತರ ಇನ್ನೊಬ್ಬರದಕ್ಕೆ ಹೋಲಲಿಲ್ಲ.

ಇತ್ತೀಚಿನದು 2024ರದ್ದು. ಸ್ಪೆನ್ಸರ್ ಗ್ರೀನ್‌ಬರ್ಗ್ ಮತ್ತು ಸಂಗಡಿಗರು 12 ಜನರ ಬದುಕು, ಸ್ವಭಾವಗಳ ಬಗ್ಗೆ ಹತ್ತಾರು ಪ್ರಶ್ನೆಗಳಿಗೆ ಉತ್ತರ ಪಡೆದು, ಅವರಲ್ಲಿ ಪ್ರತಿಯೊಬ್ಬರಿಗೂ ಐದು ಕುಂಡಲಿಗಳಲ್ಲಿ ನಿಜವಾದದ್ದನ್ನು ಆರಿಸುವಂತೆ ಜ್ಯೋತಿಷಿಗಳನ್ನು ಕೇಳಿದರು. ಏನು ಕೇಳಿದರೆ ಉಪಯೋಗವಾದೀತು ಎಂದು ಜ್ಯೋತಿಷಿಗಳಿಂದಲೇ ಸಲಹೆ ಪಡೆದಿದ್ದರು. ಭಾಗವಹಿಸಿದ 152 ಜ್ಯೋತಿಷಿಗಳಲ್ಲಿ ಒಬ್ಬರೂ 12ರಲ್ಲಿ ಐದಕ್ಕಿಂತ ಹೆಚ್ಚು ಸರಿ ಹೇಳಲಿಲ್ಲ, ಗುಂಪಾಗಿ ನೋಡಿದರೆ ಊಹೆಗಿಂತ ಮೇಲಿರಲಿಲ್ಲ. ಬಹಳ ವರ್ಷಗಳ ಅನುಭವವಿದ್ದವರು ಹೊಸಬರಿಗಿಂತ ಮುಂದಿರಲಿಲ್ಲ. ಅನುಭವಿಗಳ ನಡುವೆಯೂ ಒಮ್ಮತ ಕಡಿಮೆಯೇ. ಯಾವ ವಿದ್ಯೆಯಲ್ಲೂ ವರ್ಷಗಳು ಕಳೆದಂತೆ ಕೈ ಪಳಗುತ್ತದೆ. ಸರಿಯೋ ತಪ್ಪೋ ಎಂದು ತಿರುಗಿ ಹೇಳುವ ಏನೂ ಇಲ್ಲದ ಕಡೆ ಮಾತ್ರ ನಂಬಿಕೆ ಬೆಳೆದು ಕೌಶಲ ನಿಂತಲ್ಲೇ ನಿಲ್ಲುತ್ತದೆ.

ಒಮ್ಮತದ ಮಾತು ಬಂದಾಗ ಸಾಯನ, ನಿರಯನಗಳ ಪ್ರಶ್ನೆಯನ್ನು ಬಿಡುವಂತಿಲ್ಲ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನವಾಗಿ ತೊನೆಯುತ್ತಿರುವುದರಿಂದ ವಿಷುವದ್ಬಿಂದು, ಅಂದರೆ ಹಗಲಿರುಳು ಸಮವಾಗುವ ದಿನ ಆಕಾಶದಲ್ಲಿ ಸೂರ್ಯನಿರುವ ಜಾಗ, ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ ಹಿಂದೆ ಸರಿಯುತ್ತದೆ. ಸಾಯನ ಪದ್ಧತಿಯ ಪಾಶ್ಚಾತ್ಯರು ರಾಶಿಚಕ್ರವನ್ನು ವಿಷುವದ್ಬಿಂದುವಿನಿಂದ ಎಣಿಸುತ್ತಾರೆ, ನಿರಯನದವರು ನಕ್ಷತ್ರಗಳಿಗೆ ಕಟ್ಟಿ ಎಣಿಸುತ್ತಾರೆ. ಎರಡರ ನಡುವಿನ ಅಂತರ, ಅಂದರೆ ಅಯನಾಂಶ, ಈಗ ಸುಮಾರು 24 ಡಿಗ್ರಿ. ಒಂದು ರಾಶಿ 30 ಡಿಗ್ರಿ. ಹಾಗಾಗಿ ಐವರಲ್ಲಿ ನಾಲ್ವರ ಸೂರ್ಯರಾಶಿ ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಹೋದಾಗ ಬದಲಾಗುತ್ತದೆ. ಏಪ್ರಿಲ್ 5ರಂದು ಹುಟ್ಟಿದವರು ಸಾಯನದಲ್ಲಿ ಮೇಷದವರು: ಮುನ್ನುಗ್ಗುವವರು, ದುಡುಕಿನವರು. ನಿರಯನದಲ್ಲಿ ಅವರ ಸೂರ್ಯ ಮೀನದಲ್ಲಿ: ಮೃದು ಮನಸ್ಸಿನವರು, ಕನಸುಗಾರರು. ನಮ್ಮ ಜ್ಯೋತಿಷದಲ್ಲಿ ಸೂರ್ಯರಾಶಿಗಿಂತ ಚಂದ್ರರಾಶಿಗೆ ಮಹತ್ವ ಹೆಚ್ಚು ಎನ್ನಬಹುದು, ಆದರೆ ಚಂದ್ರನಿಗೂ ಲಗ್ನಕ್ಕೂ ಅದೇ 24 ಡಿಗ್ರಿ ಅನ್ವಯಿಸುತ್ತದೆ. ಎರಡೂ ಪದ್ಧತಿಯವರಿಗೆ ‘ಸರಿಯಾಗಿ ಹೇಳಿದಿರಿ’ ಎನ್ನುವ ಜನ ಸಿಗುತ್ತಲೇ ಇದ್ದಾರೆ. ಫೋರರ್ ಹಂಚಿದ ಹಾಳೆ ಇಲ್ಲಿ ಮತ್ತೆ ನೆನಪಾಗುತ್ತದೆ.

ಸಿಕ್ಕಿತು ಎಂದುಕೊಂಡಾಗ

ಎಲ್ಲ ಪರೀಕ್ಷೆಗಳೂ ಸೊನ್ನೆಯನ್ನೇ ತೋರಿಸಿದವು ಎಂದರೆ ಸುಳ್ಳಾಗುತ್ತದೆ. 1978ರಲ್ಲಿ ಬ್ರಿಟನ್ನಿನ ಪ್ರಸಿದ್ಧ ಮನಶ್ಶಾಸ್ತ್ರಜ್ಞ ಹ್ಯಾನ್ಸ್ ಐಸೆಂಕ್, ಜ್ಯೋತಿಷಿ ಜೆಫ್ ಮೇಯೊ ಮತ್ತು ಇನ್ನೊಬ್ಬರು ಸೇರಿ 2,324 ವಯಸ್ಕರ ಅಂಕಿಗಳನ್ನು ಪ್ರಕಟಿಸಿದರು. ಮೇಷ, ಮಿಥುನ, ಸಿಂಹ ಮೊದಲಾದ ಬೆಸ ರಾಶಿಯವರು ಹೆಚ್ಚು ಬಹಿರ್ಮುಖಿಗಳು, ವೃಷಭ, ಕಟಕ, ಕನ್ಯಾ ಮೊದಲಾದ ಸಮ ರಾಶಿಯವರು ಹೆಚ್ಚು ಅಂತರ್ಮುಖಿಗಳು. ಜ್ಯೋತಿಷ ಹೇಳುವಂತೆಯೇ ಗರಗಸದ ಹಲ್ಲಿನ ಹಾಗೆ ಏರಿಳಿಯುವ ರೇಖೆ. ಜ್ಯೋತಿಷಿಗಳ ವಲಯದಲ್ಲಿ ಸಂಭ್ರಮವೋ ಸಂಭ್ರಮ.

ಆದರೆ ಆ 2,324 ಜನ ಬಂದದ್ದು ಎಲ್ಲಿಂದ? ಮೇಯೊ ಅವರನ್ನು ಜ್ಯೋತಿಷದ ಸಲುವಾಗಿ ಸಂಪರ್ಕಿಸಿದವರೇ ಅವರು. ತಮ್ಮ ರಾಶಿಯ ಗುಣವೇನೆಂದು ಮೊದಲೇ ಬಲ್ಲವರು. ಐಸೆಂಕ್ ಇದನ್ನು ಗಮನಿಸಿ, ತಮ್ಮ ಸಹೋದ್ಯೋಗಿ ಡೇವಿಡ್ ನಯಸ್ ಜೊತೆ ಮತ್ತೆ ಪರೀಕ್ಷೆಗೆ ಇಳಿದರು. ರಾಶಿಗುಣಗಳ ಗೊಡವೆಯೇ ಇಲ್ಲದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನೋಡಿದಾಗ ಗರಗಸದ ರೇಖೆ ಕಾಣಲಿಲ್ಲ. ವಯಸ್ಕರಲ್ಲಿ ಜ್ಯೋತಿಷ ತಿಳಿದವರಲ್ಲಿ ಮಾತ್ರ ಕಂಡಿತು. ಜರ್ಮನಿಯಲ್ಲಿ ಕುರ್ಟ್ ಪಾವ್ಲಿಕ್ ಮತ್ತು ಲೋಥರ್ ಬುಸೆ ಕೂಡ 1979ರಲ್ಲಿ ಇದನ್ನೇ ಕಂಡರು. ‘ನಾನು ಸಿಂಹ ರಾಶಿ, ಹಾಗಾಗಿ ನಾಲ್ಕು ಜನರ ನಡುವೆ ಮುಂದೆ ನಿಲ್ಲುವವನು’ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವರು ಪ್ರಶ್ನಾವಳಿಗೆ ಉತ್ತರಿಸುವಾಗಲೂ ಅದನ್ನೇ ಹೇಳುತ್ತಾರೆ. ಐಸೆಂಕ್ ಅವರ ಬೇರೆ ಕೆಲವು ಕೆಲಸಗಳ ಮೇಲೆ ಆಮೇಲಿನ ವರ್ಷಗಳಲ್ಲಿ ಗಂಭೀರ ಅನುಮಾನಗಳು ಎದ್ದಿವೆ. ಆದರೆ ತಮಗೇ ಒಲಿದು ಬಂದಿದ್ದ ಫಲಿತಾಂಶವನ್ನು ಮತ್ತೆ ಕೆದಕಿ, ಅದು ನಿಲ್ಲುವುದಿಲ್ಲ ಎಂದು ತಾವೇ ಹೇಳಿದ ಈ ಒಂದು ಹೆಜ್ಜೆಯನ್ನು ನಾನು ಗೌರವಿಸುತ್ತೇನೆ.

ಗೋಕ್ಲಾಂ ಅವರ ‘ಕುಜ ಪ್ರಭಾವ’ ಇನ್ನೊಂದು. ಹೆಸರಾಂತ ಕ್ರೀಡಾಪಟುಗಳು ಹುಟ್ಟುವಾಗ ಮಂಗಳ ಗ್ರಹ ಉದಯದ ಅಥವಾ ನೆತ್ತಿಯ ಆಸುಪಾಸಿನಲ್ಲಿ ಇರುವುದು ನೂರಕ್ಕೆ 17ರಷ್ಟು ಇರಬೇಕಾದಲ್ಲಿ 22ರಷ್ಟಿದೆ ಎಂಬುದು ಅವರ ವಾದ. ದಶಕಗಳ ಕಾಲ ಎರಡೂ ಕಡೆಯವರು ಕಾದಾಡಿದರು. ಫ್ರಾನ್ಸಿನ ಸಮಿತಿಯೊಂದು 1,066 ಕ್ರೀಡಾಪಟುಗಳನ್ನು ಹೊಸದಾಗಿ ಆರಿಸಿ ನೋಡಿ, ಅಂಥ ಪ್ರಭಾವ ಇಲ್ಲವೆಂದು 1996ರಲ್ಲಿ ಪ್ರಕಟಿಸಿತು. ಅದು ಇದ್ದಿದ್ದರೂ ರಾಶಿಫಲಕ್ಕೆ ಆಸರೆಯಾಗುತ್ತಿರಲಿಲ್ಲ. ಸೂರ್ಯರಾಶಿಗೂ ಸ್ವಭಾವಕ್ಕೂ ನಂಟಿಲ್ಲವೆಂದು ಗೋಕ್ಲಾಂ ಅವರೇ ತಮ್ಮ ದೊಡ್ಡ ಸಂಗ್ರಹದಿಂದ ತೋರಿಸಿದ್ದರು.

ಒಂದೇ ಹೊತ್ತಿನಲ್ಲಿ ಹುಟ್ಟಿದವರು

ಅವಳಿಗಳ ವಾದ ಹಳೆಯದು. ಸಂತ ಅಗಸ್ಟೀನ್ ಸಾವಿರದ ಆರುನೂರು ವರ್ಷಗಳ ಹಿಂದೆಯೇ ಅದನ್ನು ಎತ್ತಿದ್ದ: ಒಂದೇ ಗರ್ಭದಿಂದ ಬೆನ್ನುಬೆನ್ನಿಗೆ ಹುಟ್ಟಿದವರ ಬದುಕು ಯಾಕೆ ಬೇರೆ ಬೇರೆ? ಜ್ಯೋತಿಷದಲ್ಲಿ ಇದಕ್ಕೆ ಉತ್ತರವಿದೆ. ಲಗ್ನ ಸುಮಾರು ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತದೆ, ರಾಶಿಯ ಒಂಬತ್ತನೇ ಒಂದು ಪಾಲಾದ ನವಾಂಶ ಬದಲಾಗುತ್ತದೆ, ಅರವತ್ತನೇ ಒಂದು ಪಾಲಾದ ಷಷ್ಟ್ಯಂಶವಂತೂ ಎರಡೇ ನಿಮಿಷಕ್ಕೆ ಬದಲಾಗುತ್ತದೆ ಎನ್ನುತ್ತಾರೆ. ಎರಡು ನಿಮಿಷದ ವ್ಯತ್ಯಾಸವೇ ಸ್ವಭಾವ ಬದಲಿಸುವುದಾದರೆ, ಗಡಿಯಾರ ನೋಡಿ ಐದು ನಿಮಿಷದ ಅಂದಾಜಿನಲ್ಲಿ ಬರೆದಿಟ್ಟ ಜನನ ಸಮಯಗಳಿಂದ ಹಾಕಿದ ಅಸಂಖ್ಯ ಜಾತಕಗಳ ಗತಿಯೇನು?

ಅದಕ್ಕಿಂತ ಬಲವಾದ ವಾದ ಇನ್ನೊಂದಿದೆ, ಅಗಸ್ಟೀನನಿಗೆ ಅದು ಗೊತ್ತಿರಲು ಸಾಧ್ಯವಿರಲಿಲ್ಲ. ಅವಳಿಗಳಲ್ಲಿ ಎರಡು ಬಗೆ. ಒಂದೇ ಅಂಡದಿಂದ ಒಡೆದು ಬಂದವರು, ಎರಡು ಅಂಡಗಳಿಂದ ಬೆಳೆದವರು. ಇಬ್ಬಗೆಯವರೂ ಹುಟ್ಟುವುದು ನಿಮಿಷಗಳ ಅಂತರದಲ್ಲೇ, ಒಂದೇ ಊರಲ್ಲೇ. ಕುಂಡಲಿಗೆ ಅವರ ನಡುವೆ ಭೇದವಿಲ್ಲ. ಆದರೆ ಸ್ವಭಾವದ ಅಳತೆಗಳಲ್ಲಿ ಒಂದೇ ಅಂಡದ ಅವಳಿಗಳ ಹೋಲಿಕೆ ಉಳಿದವರ ಸುಮಾರು ಎರಡರಷ್ಟು. ಒಂದು ಲಕ್ಷಕ್ಕೂ ಹೆಚ್ಚು ಜನರ ಅಧ್ಯಯನಗಳನ್ನು ಒಟ್ಟುಗೂಡಿಸಿದ 2015ರ ವಿಶ್ಲೇಷಣೆಯ ಪ್ರಕಾರ ಸ್ವಭಾವದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ನೂರಕ್ಕೆ ಸುಮಾರು 40 ಪಾಲು ವಂಶವಾಹಿಗಳಿಗೆ ಸಲ್ಲುತ್ತದೆ. ಉಳಿದದ್ದು ಬೆಳೆದ ಬಗೆ, ಬದುಕಿನಲ್ಲಿ ಎದುರಾದದ್ದು ಮತ್ತು ಇನ್ನೂ ಬಿಡಿಸಲಾಗದ ಹತ್ತು ಹಲವು ಸಂಗತಿಗಳದು.

ಜ್ಯೋತಿಷ ಬಿಟ್ಟು ವಿಜ್ಞಾನಕ್ಕೆ ಬಂದ ಜೆಫ್ರಿ ಡೀನ್, ಐವನ್ ಕೆಲಿ ಜೊತೆ 2003ರಲ್ಲಿ ಬರೆದ ಲೇಖನದಲ್ಲಿ 1958ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಬೆನ್ನುಬೆನ್ನಿಗೆ ಹುಟ್ಟಿದ 2,101 ಜನರ ಬಗ್ಗೆ ಹೇಳುತ್ತಾರೆ. ಒಬ್ಬರಿಗೂ ಮುಂದಿನವರಿಗೂ ಸರಾಸರಿ ಐದು ನಿಮಿಷವೂ ಅಂತರವಿಲ್ಲ. ನೂರಕ್ಕೂ ಹೆಚ್ಚು ಗುಣಗಳಲ್ಲಿ ಹೋಲಿಕೆ ಹುಡುಕಿದರೂ ಸಿಗಲಿಲ್ಲ ಎನ್ನುತ್ತಾರೆ. ಇದನ್ನು ಬಹಳ ಜನ ಅಂತಿಮ ತೀರ್ಪೆಂಬಂತೆ ಉಲ್ಲೇಖಿಸುತ್ತಾರೆ, ಆದರೆ ಪೂರ್ಣ ಲೆಕ್ಕವನ್ನು ಬೇರೆಯವರು ತಪಾಸಣೆ ಮಾಡುವಂತೆ ಪ್ರಕಟಿಸಲಿಲ್ಲ ಎಂಬ ಕೊರತೆ ಅದಕ್ಕಿದೆ. ನಾನು ಅದಕ್ಕಿಂತ ಪೀಟರ್ ಹಾರ್ಟ್‌ಮನ್ ಮತ್ತು ಸಂಗಡಿಗರ 2006ರ ಅಧ್ಯಯನವನ್ನು ನೆಚ್ಚುತ್ತೇನೆ. ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಒಂದು ಗುಂಪು, ಹನ್ನೊಂದು ಸಾವಿರಕ್ಕೂ ಹೆಚ್ಚು ಜನರ ಇನ್ನೊಂದು. ಹುಟ್ಟಿದ ದಿನಾಂಕಕ್ಕೂ ಸ್ವಭಾವ ಅಥವಾ ಬುದ್ಧಿಗೂ ನಂಟು ಕಾಣಲಿಲ್ಲ.

ಹುಟ್ಟಿದ ತಿಂಗಳಿಗೆ ಯಾವ ಪರಿಣಾಮವೂ ಇಲ್ಲವೇ ಎಂದರೆ, ಇದೆ. ಶಾಲೆಗೆ ಸೇರುವ ವಯಸ್ಸಿನ ಗಡುವಿನ ಎರಡು ಬದಿಯಲ್ಲಿ ಹುಟ್ಟಿದ ಮಕ್ಕಳಲ್ಲಿ ಒಂದು ಮಗು ತರಗತಿಯಲ್ಲೇ ದೊಡ್ಡದು, ಇನ್ನೊಂದು ಅತಿ ಚಿಕ್ಕದು. ಆ ಹನ್ನೊಂದು ತಿಂಗಳ ಅಂತರ ಓದಿನಲ್ಲಿ, ಆಟದ ತಂಡದ ಆಯ್ಕೆಯಲ್ಲಿ ಕಾಣುತ್ತದೆ. ಆದರೆ ಗಡುವಿನ ದಿನಾಂಕ ಬದಲಿಸಿದರೆ ಲಾಭ ಪಡೆಯುವ ತಿಂಗಳೂ ಬದಲಾಗುತ್ತದೆ. ಗ್ರಹಗಳು ಶಾಲೆಯ ಸುತ್ತೋಲೆ ಓದುವುದಿಲ್ಲ.

ಜ್ಯೋತಿಷಿಯ ಮುಂದೆ ಕೂತು ಬಂದವರಿಗೆ ಮನಸ್ಸು ಹಗುರಾಗುವುದನ್ನು ನಾನು ಅಲ್ಲಗಳೆಯುವುದಿಲ್ಲ. ಒಬ್ಬರು ಗಮನವಿಟ್ಟು ನಮ್ಮ ಬಗ್ಗೆಯೇ ಅರ್ಧ ಗಂಟೆ ಮಾತಾಡಿದರೆ ಯಾರಿಗೆ ಬೇಡ? ನನ್ನ ತಕರಾರು ಆ ಸಮಾಧಾನದ ಮೇಲಲ್ಲ. ಎದುರಿಗಿಲ್ಲದ ಇನ್ನೊಬ್ಬರನ್ನು ಅವರ ಹುಟ್ಟಿದ ಹೊತ್ತಿನಿಂದ ಅಳೆದು, ಸಂಬಂಧಕ್ಕೋ ಕೆಲಸಕ್ಕೋ ಬೇಡವೆಂದು ಬದಿಗಿಡುವುದರ ಮೇಲೆ. ತಮ್ಮನ್ನು ಯಾಕೆ ಬೇಡವೆಂದರು ಎಂಬುದು ಅವರಿಗೆ ತಿಳಿಯುವುದೂ ಇಲ್ಲ.

ಇಷ್ಟು ಓದಿಯೂ ‘ಆದರೆ ನನ್ನದು ಹೊಂದಿದೆಯಲ್ಲ’ ಎನ್ನುವವರು ತಾವೇ ಪರೀಕ್ಷಿಸಬಹುದು. ಜನನ ಸಮಯ ಚೆನ್ನಾಗಿ ಗೊತ್ತಿರುವ 21 ಜನರನ್ನು ಸೇರಿಸಿ. ನೀವು ನಂಬುವ ಜ್ಯೋತಿಷಿಯಿಂದ ಪ್ರತಿಯೊಬ್ಬರ ಸ್ವಭಾವದ ಬಗ್ಗೆ ಒಂದೊಂದು ಪುಟ ಬರೆಸಿ. ಹುಟ್ಟಿದ ದಿನ, ರಾಶಿ, ಗ್ರಹ, ವಯಸ್ಸು, ಗಂಡೋ ಹೆಣ್ಣೋ ಎಂಬುದು ಬರಹದಲ್ಲಿ ಎಲ್ಲೂ ಸುಳಿಯಬಾರದು. ಇದಾವುದರಲ್ಲೂ ಭಾಗವಹಿಸದ ಒಬ್ಬರು ಪ್ರತಿಯೊಬ್ಬರಿಗೂ ಮೂರು ಪುಟಗಳ ಒಂದು ಲಕೋಟೆ ಮಾಡಲಿ, ಒಂದು ಅವರದು, ಎರಡು ಬೇರೆಯವರದು, ಯಾವುದು ಮೇಲೆ ಯಾವುದು ಕೆಳಗೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಲಿ. ಲಕೋಟೆಗಳನ್ನು ಕೊಡುವವರು ಇನ್ನೊಬ್ಬರಾಗಿರಲಿ. ಸುಮ್ಮನೆ ಆರಿಸಿದರೂ 21ರಲ್ಲಿ ಏಳು ಸರಿಯಾಗುತ್ತವೆ, ಎಂಟೋ ಒಂಬತ್ತೋ ಬಂದರೆ ಅಚ್ಚರಿಯಿಲ್ಲ. ಹನ್ನೆರಡು ಅಥವಾ ಹೆಚ್ಚು ಬರುವ ಸಂಭವ ನೂರಕ್ಕೆ ಎರಡು ಮಾತ್ರ. ಎಷ್ಟು ಬಂದರೆ ಒಪ್ಪುತ್ತೀರಿ, ಎಷ್ಟು ಬಂದರೆ ಬಿಡುತ್ತೀರಿ ಎಂದು ಮೊದಲ ಲಕೋಟೆ ತೆರೆಯುವ ಮುನ್ನವೇ ಒಂದು ಹಾಳೆಯಲ್ಲಿ ಬರೆದು, ಜ್ಯೋತಿಷಿಯಿಂದಲೂ ಅದಕ್ಕೆ ಸಹಿ ಹಾಕಿಸಿಕೊಳ್ಳಿ.